ಎರಡನೆಯ ಸಹಿ

ಊರಿನ ಸಹಕಾರ ಸಂಘಕ್ಕೆ ಹೋದಾಗ ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಹಣ ಎಣಿಸುವವರು ಒಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರು. ಚೆಕ್ಕಿಗೆ ಎರಡು ಸಹಿ ಬೀಳಲೇಬೇಕು. ದೊಡ್ಡ ಕಂಪನಿಗಳಲ್ಲಿ ಇದನ್ನೇ 'ಆಂತರಿಕ ನಿಯಂತ್ರಣ' ಎನ್ನುತ್ತಾರೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ನಂಬಿಕೆ ಇದ್ದಲ್ಲಿ ತಪಾಸಣೆ ಏಕೆ? ತಪಾಸಣೆ ಮಾಡಿದ ಮೇಲೆ ಅದು ನಂಬಿಕೆಯಾಗಿ ಉಳಿಯುವುದೇ?

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಸಂಸ್ಥೆಯನ್ನು ನೆನಪಿಸಿಕೊಳ್ಳಿ. 2009ರ ಜನವರಿ 7ರಂದು ಅದರ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಹಲವು ವರ್ಷಗಳಿಂದ ಲೆಕ್ಕಪತ್ರಗಳು ಸುಳ್ಳಾಗಿದ್ದವೆಂದು ಒಪ್ಪಿಕೊಂಡರು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಹಾಗೂ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಅಂದೇ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಐವತ್ತು ಸಾವಿರಕ್ಕೂ ಮಿಕ್ಕಿದ ನೌಕರರು ತಾವು ಮಾಡದ ತಪ್ಪಿಗಾಗಿ ತತ್ತರಿಸಿದರು.

ಅಲ್ಲಿ ನಿಯಂತ್ರಣಗಳೇ ಇರಲಿಲ್ಲವೇ? ಇದ್ದವು. ಸ್ವತಂತ್ರ ನಿರ್ದೇಶಕರಿದ್ದರು, ಲೆಕ್ಕ ಪರಿಶೋಧನಾ ಸಮಿತಿಯಿತ್ತು, ಜಗತ್ಪ್ರಸಿದ್ಧ ಲೆಕ್ಕ ಪರಿಶೋಧಕರಿದ್ದರು. ಉತ್ತಮ ಆಡಳಿತಕ್ಕಾಗಿ 2008ರಲ್ಲಿ ಪ್ರಶಸ್ತಿಯೂ ಬಂದಿತ್ತು. ಆದರೆ ಬ್ಯಾಂಕಿನಲ್ಲಿ ಹಣವಿದೆಯೇ ಎಂಬುದನ್ನು ಬ್ಯಾಂಕನ್ನೇ ನೇರವಾಗಿ ಕೇಳಿ ತಿಳಿಯಬೇಕಾದವರು, ಕಂಪನಿಯವರೇ ತಂದುಕೊಟ್ಟ ಕಾಗದಗಳನ್ನು ನೆಚ್ಚಿಕೊಂಡರು. ಬೀಗಗಳೆಲ್ಲ ಭದ್ರವಾಗಿದ್ದವು; ಕೀಲಿ ಮಾತ್ರ ಯಾರನ್ನು ಕಾಯಬೇಕಿತ್ತೋ ಅವರ ಕೈಯಲ್ಲೇ ಇತ್ತು. ಬೇಲಿಯೇ ಹೊಲ ಮೇಯುವುದೆಂದರೆ ಇದೇ. ಕೆಳಗಿನವರಿಗೆ ಮಾತ್ರ ಅನ್ವಯಿಸಿ ಮೇಲಿನವರನ್ನು ಬಿಟ್ಟುಬಿಡುವ ನಿಯಮವು ನಿಯಂತ್ರಣವಲ್ಲ, ಬರಿಯ ಅಲಂಕಾರ.

ಆ ಪತ್ರದಲ್ಲಿ ನಮ್ಮನ್ನು ಚಿಂತನೆಗೆ ಹಚ್ಚುವ ಇನ್ನೊಂದು ಮಾತಿದೆ. ಮೊದಲು ಅಲ್ಪವಾಗಿದ್ದ ಅಂತರವು ವರ್ಷದಿಂದ ವರ್ಷಕ್ಕೆ ಬೆಳೆದು ಕೈಮೀರಿ ಹೋಯಿತೆಂದು ಅವರೇ ಬರೆದಿದ್ದರು. ಯೋಚಿಸಿ ನೋಡಿ: ಮೊದಲ ವರ್ಷದಲ್ಲೇ ಯಾರಾದರೊಬ್ಬರು ಬ್ಯಾಂಕಿಗೆ ನೇರವಾಗಿ ಬರೆದು ಕೇಳಿದ್ದರೆ? ಅವಮಾನವಾಗುತ್ತಿತ್ತು, ನಿಜ. ಆದರೆ ಸಣ್ಣ ತಪ್ಪು ಸಣ್ಣದಾಗಿಯೇ ಮುಗಿಯುತ್ತಿತ್ತು. 2015ರಲ್ಲಿ ವಿಶೇಷ ನ್ಯಾಯಾಲಯವು ರಾಜು ಮತ್ತು ಇತರ ಒಂಬತ್ತು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಪಿತ್ತ ದಿನ ಬಹುಶಃ ಬರುತ್ತಲೇ ಇರಲಿಲ್ಲ. ಆದ್ದರಿಂದ ತಪಾಸಣೆಯು ಷೇರುದಾರರನ್ನಷ್ಟೇ ರಕ್ಷಿಸುವುದಿಲ್ಲ. ಅಧಿಕಾರದಲ್ಲಿರುವವನನ್ನು ಅವನ ದುರ್ಬಲ ಗಳಿಗೆಯಿಂದ ರಕ್ಷಿಸುತ್ತದೆ. ಪ್ರಾಮಾಣಿಕನನ್ನು ಅನುಮಾನದಿಂದಲೂ ಕಾಪಾಡುತ್ತದೆ. ಅದು ಅಪನಂಬಿಕೆಯ ಗುರುತಲ್ಲ, ಒಂದು ಬಗೆಯ ಕಾರುಣ್ಯ.

ಈ ಹಗರಣದ ಬಳಿಕ ಬಂದ 2013ರ ಕಂಪನಿ ಕಾಯ್ದೆಯು, ಆಂತರಿಕ ಹಣಕಾಸು ನಿಯಂತ್ರಣಗಳು ಸಮರ್ಪಕವಾಗಿವೆಯೆಂದು ಷೇರುಪೇಟೆಯ ಕಂಪನಿಗಳ ನಿರ್ದೇಶಕರೇ ಹೇಳಿಕೆ ನೀಡಬೇಕೆಂದು ವಿಧಿಸಿತು. ಅಕ್ರಮವನ್ನು ಕಂಡ ನೌಕರರು ದೂರು ನೀಡುವುದಕ್ಕೆ ದಾರಿಯನ್ನೂ ಕಡ್ಡಾಯಗೊಳಿಸಿತು. ಒಳ್ಳೆಯದೇ. ಆದರೆ ಕಾನೂನು ಕೇಳುವ ಹಕ್ಕನ್ನು ಕೊಡಬಲ್ಲದೇ ಹೊರತು ಕೇಳುವ ಧೈರ್ಯವನ್ನು ಕೊಡಲಾರದು. 2008ರ ಡಿಸೆಂಬರಿನಲ್ಲಿ, ರಾಜು ಕುಟುಂಬಕ್ಕೆ ಸಂಬಂಧಿಸಿದ ಎರಡು ಕಂಪನಿಗಳನ್ನು ಕೊಳ್ಳುವ ಪ್ರಸ್ತಾವಕ್ಕೆ ಅದೇ ಮಂಡಳಿ ಒಪ್ಪಿಗೆ ನೀಡಿತ್ತು. ಹೂಡಿಕೆದಾರರು ತಿರುಗಿಬಿದ್ದ ಮೇಲಷ್ಟೇ ಪ್ರಸ್ತಾವ ಹಿಂದಕ್ಕೆ ಹೋಯಿತು. ಗಣ್ಯರ ನಡುವೆ ಕುಳಿತು 'ಇದು ಸರಿಯಲ್ಲ' ಎನ್ನುವುದು ಎಷ್ಟು ಕಷ್ಟವೆಂಬುದನ್ನು ನಾವೂ ಬಲ್ಲೆವು.

ನೀವು ಒಂದು ಸಂಘದ ಖಜಾಂಚಿಯಾಗಿರಬಹುದು, ಶಾಲೆಯ ಆಡಳಿತ ನೋಡುತ್ತಿರಬಹುದು. ನಾಳೆ ಯಾರಾದರೂ ಬಂದು 'ಪಾಸ್ ಪುಸ್ತಕ ತೋರಿಸಿ' ಎಂದಾಗ ಮನ ನೋಯಿಸಿಕೊಳ್ಳಬೇಡಿ. ಹಾಗೆ ಕೇಳುವವರು ನಿಮ್ಮ ವೈರಿಗಳಲ್ಲ. ಯಾರೂ ಕೇಳದಿದ್ದರೆ, ನೀವೇ ಮುಂದಾಗಿ ತೋರಿಸಿ.