ಕಲೆ ಅವಳದು, ನಿರ್ಧಾರ ಯಾರದು?

ಕಿವಿ ಚುಚ್ಚಿಸುವುದು ನಮ್ಮಲ್ಲಿ ಜಾತಿ ಮತಗಳ ಭೇದವಿಲ್ಲದ ರೂಢಿ. ಆದರೆ ಕೆಲವರಲ್ಲಿ ಆ ಸಣ್ಣ ಗಾಯ ಮಾಯ್ದ ಮೇಲೂ ಬೆಳೆಯುತ್ತಲೇ ಹೋಗಿ ಗಂಟಾಗುತ್ತದೆ. ಗಾಯದ ಎಲ್ಲೆಯನ್ನೇ ಮೀರಿ ಉಬ್ಬುವ ಈ ಕಲೆಗೆ ವೈದ್ಯರು ಕೀಲಾಯ್ಡ್ ಎನ್ನುತ್ತಾರೆ. ಕಪ್ಪು, ಕಂದು ಮೈಬಣ್ಣದವರಲ್ಲಿ ಇದು ಹೆಚ್ಚು. ಇದು ಕ್ಯಾನ್ಸರ್ ಅಲ್ಲ, ಪ್ರಾಣಕ್ಕೆ ಅಪಾಯವಿಲ್ಲ. ಆದರೆ ತುರಿಸುತ್ತದೆ, ನೋಯುತ್ತದೆ. ಹೆಣ್ಣು ನೋಡಲು ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಕತ್ತರಿಸಿದರೆ ಸಾಲದೇ? ಸಾಲದು. ಬರೀ ಶಸ್ತ್ರಚಿಕಿತ್ಸೆಯಾದರೆ ಸುಮಾರು ಅರ್ಧದಷ್ಟು, ಕೆಲವು ವರದಿಗಳ ಪ್ರಕಾರ ಇನ್ನೂ ಹೆಚ್ಚು ಮಂದಿಯಲ್ಲಿ ಅದು ಮರಳಿ ಬರುತ್ತದೆ. ಲೇಸರ್ ಒಂದರಿಂದಲೇ ಸುಟ್ಟು ತೆಗೆದರೂ ಇದೇ ಪಾಡು. ಆದ್ದರಿಂದ ಕಲೆ ತೆಗೆದ ಒಂದೆರಡು ದಿನಗಳೊಳಗೆ ಆ ಜಾಗಕ್ಕೆ ವಿಕಿರಣ ಕೊಡುವ ಕ್ರಮ ಬಂದಿದೆ. ಗಾಯ ತುಂಬಲು ಅತಿಯಾಗಿ ಬೆಳೆಯುವ ಜೀವಕೋಶಗಳನ್ನು ಅದು ಹತ್ತಿಕ್ಕುತ್ತದೆ. ಕಲೆ ಮರಳುವುದು ಬಹಳ ಮಟ್ಟಿಗೆ ತಗ್ಗುತ್ತದೆ.

ಕೊಲ್ಲದ ಕಲೆಗೆ ಕ್ಯಾನ್ಸರಿಗೆ ಹೂಡುವ ಅಸ್ತ್ರವೇ? ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 1950ರ ದಶಕದಲ್ಲಿ ಇಸ್ರೇಲಿನಲ್ಲಿ ತಲೆಯ ಹುಳುಕಡ್ಡಿಗೆಂದು ಸಾವಿರಾರು ವಲಸಿಗ ಮಕ್ಕಳಿಗೆ ಕ್ಷಕಿರಣ ಕೊಟ್ಟರು. ಹುಳುಕಡ್ಡಿ ಹೋಯಿತು. ವರ್ಷಗಳು ಕಳೆದ ಮೇಲೆ ಅವರಲ್ಲಿ ಹಲವರಿಗೆ ಮೆದುಳಿನ ಗಡ್ಡೆ, ಥೈರಾಯ್ಡ್ ಕ್ಯಾನ್ಸರ್ ಕಾಣಿಸಿಕೊಂಡಿತು. 1994ರಲ್ಲಿ ಪರಿಹಾರಕ್ಕೆ ಕಾನೂನನ್ನೇ ಮಾಡಬೇಕಾಯಿತು. ಇಂದಿನ ವಿಕಿರಣ ಚರ್ಮದಾಳಕ್ಕಷ್ಟೇ ತಾಗುವಂತೆ ಗುರಿಯಿಟ್ಟದ್ದು, ಅಪಾಯ ಬಹಳ ಕಡಿಮೆ. ಸೊನ್ನೆಯಲ್ಲ. ಮಕ್ಕಳಿಗೆ, ಥೈರಾಯ್ಡ್ ಮತ್ತು ಸ್ತನದ ಸಮೀಪಕ್ಕೆ ವೈದ್ಯರು ಹಿಂಜರಿಯುವುದು ಅದಕ್ಕೇ.

ಹಾಗಾದರೆ ಬೇಡವೆನ್ನೋಣವೇ? ನನಗೆ ಹಾಗೆನ್ನಲು ಮನಸ್ಸಿಲ್ಲ. ರಾತ್ರಿ ನಿದ್ದೆಗೆಡಿಸುವ ತುರಿಕೆಯನ್ನು ಸೌಂದರ್ಯದ ಹುಚ್ಚು ಎನ್ನುವವರು ಅದನ್ನು ಅನುಭವಿಸಿದವರಲ್ಲ. ನನ್ನ ತಕರಾರು ಬೇರೆ. ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನ ಹುಡುಗಿಯೊಬ್ಬಳು ಇದಕ್ಕಾಗಿ ಹುಬ್ಬಳ್ಳಿಯಂಥ ಊರಿಗೆ ಹೋಗಬೇಕು, ಕೆಲವು ದಿನ ಅಲ್ಲಿಯೇ ಉಳಿಯಬೇಕು. ಹಣ ಹೊಂದಿಸುವವನು ಅಪ್ಪ, ವೈದ್ಯರೊಡನೆ ಮಾತಾಡುವವನು ಅಣ್ಣ, ಅವಸರ ಮಾಡುವುದು ಗಂಡಿನ ಕಡೆಯವರ ಬಾಯಿ. ಕಲೆ ತೆಗೆದ ಕೂಡಲೇ ವಿಕಿರಣ ಶುರುವಾಗಬೇಕಾದ್ದರಿಂದ ಆಮೇಲೆ ಯೋಚಿಸಲು ವೇಳೆಯೇ ಇಲ್ಲ. ಎಲ್ಲವನ್ನೂ ಮೊದಲೇ, ಅವಳ ಮುಂದೆಯೇ, ಅವಳ ಮಾತಿನಲ್ಲಿ ಹೇಳಬೇಕು. ಇಪ್ಪತ್ತು ಮೂವತ್ತು ವರ್ಷಗಳ ನಂತರದ ಅಪಾಯ ಹೊರಬೇಕಾದವಳು ಅವಳೇ. ಹೆಣ್ಣು ನೋಡಲು ಬಂದವರಲ್ಲ.

ಕಲೆಯೊಳಗೇ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಎಂಬ ಹಳೆಯ ದಾರಿಯೂ ಇದೆ. ನಿಧಾನ, ನೋವಿನದು, ಎಲ್ಲರಿಗೂ ಫಲಿಸದು. ವಿಷಯವೆಲ್ಲ ಕೇಳಿದ ಮೇಲೆ ಅವಳು ಅದೇ ಸಾಕೆಂದು ರಾಣೆಬೆನ್ನೂರಿನ ಬಸ್ಸು ಹತ್ತಿದರೆ, ಮನೆಯವರು ಅವಳನ್ನು ಹಟಮಾರಿ ಎನ್ನಬಾರದು. ವಿಕಿರಣವೇ ಬೇಕೆಂದರೆ ಶೋಕಿ ಎನ್ನಲೂಬಾರದು.