ನಾಳೆ ಎಂದ ಫರೋಹ



ಬೈಬಲ್ಲಿನಲ್ಲಿ ಕಪ್ಪೆ ಎಂದೊಡನೆ ನೆನಪಾಗುವುದು ಈಜಿಪ್ಟಿನ ಪಿಡುಗು. ಫರೋಹನ ಹಾಸಿಗೆ, ಒಲೆ, ಹಿಟ್ಟಿನ ಪಾತ್ರೆ, ಎಲ್ಲೆಲ್ಲೂ ಕಪ್ಪೆಗಳೇ. ಇವು ಯಾವಾಗ ತೊಲಗಬೇಕೆಂದು ಮೋಶೆ ಕೇಳಿದಾಗ ಆ ಅರಸ ‘ನಾಳೆ’ ಎಂದನಂತೆ! (ವಿಮೋಚನಾಕಾಂಡ, 8ನೇ ಅಧ್ಯಾಯ). ಕಾಟ ತಪ್ಪಿದ ಮೇಲೆ ಅವನ ಹೃದಯ ಮತ್ತೆ ಕಲ್ಲಾಯಿತು.

ಅಂದು ಕಪ್ಪೆಗಳು ಹೆಚ್ಚಿದ್ದು ಎಚ್ಚರಿಕೆ. ಇಂದು ಅವು ಕಡಿಮೆಯಾಗುತ್ತಿರುವುದೇ ಎಚ್ಚರಿಕೆ. ಜಗತ್ತಿನ ಉಭಯಜೀವಿ ಜಾತಿಗಳಲ್ಲಿ ನೂರಕ್ಕೆ ಸುಮಾರು 41 ಅಪಾಯದಲ್ಲಿವೆ ಎಂದು 2023ರ ಅಧ್ಯಯನ ತಿಳಿಸಿತು.

ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರು ಹೊತ್ತ ಪುಟ್ಟ ಕಪ್ಪೆಯೂ ಅವುಗಳಲ್ಲೊಂದು. ಇದನ್ನು 1937ರಲ್ಲಿ ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್. ಮಲೆಕಾಡಿನ ತೊರೆಯ ಬಂಡೆಗಳೇ ಇದರ ಮನೆ. ನೀರಿನ ಭೋರ್ಗರೆತದಲ್ಲಿ ದನಿ ಕೇಳಿಸದೆಂದು ಗಂಡು ಕಪ್ಪೆ ಹಿಂಗಾಲು ಚಾಚಿ, ಬೆರಳು ಹರಡಿ ಬೀಸುತ್ತದೆ. ಅದಕ್ಕೇ ‘ಕುಣಿಯುವ ಕಪ್ಪೆ’ ಎಂಬ ಹೆಸರು. ಕಾಡಿನ ನೆರಳು ಹೋಗಿ ತೊರೆ ಬತ್ತಿದರೆ ಇದಕ್ಕೆ ಬೇರೆ ನೆಲೆಯಿಲ್ಲ.

‘ಎಲ್ಲಿಯ ಕೊಟ್ಟಿಗೆಹಾರ, ಎಲ್ಲಿಯ ನಾವು?’ ಎನ್ನಬೇಡಿ. ಅದೇ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಕಾವೇರಿಯನ್ನು ಸೇರಿ ತಿರುಮಕೂಡಲು ನರಸೀಪುರಕ್ಕೆ ಬರುತ್ತಾಳೆ. ನಂಜನಗೂಡನ್ನು ಹಾದು ಅಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯೂ ಸಹ್ಯಾದ್ರಿಯ ಮಗಳೇ. ಕಪ್ಪೆಯ ತೊರೆ ಉಳಿದರೆ ನಮ್ಮ ಗದ್ದೆಗೂ ಕೊಡಕ್ಕೂ ನೀರು.

ಎರಡು ಕಾಸಿಗೆ ಐದು ಮಾರಾಟವಾಗುವ ಗುಬ್ಬಿಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲವೆಂದು ಯೇಸುಸ್ವಾಮಿ ಬೋಧಿಸಿದರು (ಲೂಕ, 12ನೇ ಅಧ್ಯಾಯ). ಯಾರೂ ಕೊಳ್ಳದ ಕಪ್ಪೆಯನ್ನು ಆ ತಂದೆ ಮರೆತಾರೆಯೇ? ನಮ್ಮಿಂದಾಗಿ ಅಳಿದುಹೋಗುವ ಜೀವಿಗಳು ಇನ್ನು ತಮ್ಮ ಬಾಳಿನಿಂದ ದೇವರನ್ನು ಸ್ತುತಿಸಲಾರವೆಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸೀ’ ಪರಿಪತ್ರದಲ್ಲಿ ನೊಂದು ಬರೆದರು.

ನಾವೇನು ಮಾಡಬಹುದು? ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನೀರಿಗೆ ಬಿದ್ದ ವಿಷ ನೇರವಾಗಿ ಅದರ ಮೈಗಿಳಿಯುತ್ತದೆ. ಆದ್ದರಿಂದ ಔಷಧಿ ಹೊಡೆದ ಡಬ್ಬಿಯನ್ನು ನಾಲೆಯಲ್ಲಿ ತೊಳೆಯದಿರೋಣ. ಘಟ್ಟದ ಕಡೆ ಪ್ರವಾಸ ಹೋದಾಗ ತೊರೆಯಲ್ಲಿ ಸೋಪು ಹಾಕಿ ವಾಹನ ತೊಳೆಯದಿರೋಣ, ಪ್ಲಾಸ್ಟಿಕ್ ಎಸೆಯದಿರೋಣ. ಮಕ್ಕಳು ಕಪ್ಪೆಗೆ ಕಲ್ಲೆಸೆದರೆ ಕೈಹಿಡಿದು ತಡೆದು, ಅದನ್ನೂ ಸೃಷ್ಟಿಸಿದವರು ಯಾರೆಂದು ಹೇಳಿಕೊಡೋಣ.

ಇವೆಲ್ಲ ಸಣ್ಣ ಕೆಲಸಗಳು. ಸಣ್ಣದೆಂದೇ ನಾವು ನಾಳೆಗೆ ತಳ್ಳುತ್ತೇವೆ. ಫರೋಹನೂ ತಳ್ಳಿದ್ದು ಒಂದೇ ದಿನ.

ಪ್ರಭುವೇ, ದನಿ ಕೇಳಿಸದ ಜೀವಿಗಳನ್ನು ಕಾಣುವ ಕಣ್ಣನ್ನೂ, ಇಂದೇ ಕರಗುವ ಹೃದಯವನ್ನೂ ನಮಗೆ ದಯಪಾಲಿಸಿರಿ. ಆಮೆನ್.