ಅಗ್ಗದ ಅಕ್ಕಿಯ ಬೆಲೆಯನ್ನು ತೆರುವವರು ಯಾರು?

ಬಡದೇಶಕ್ಕೆ ಹೊರಗಿನಿಂದ ಅಗ್ಗದ ಆಹಾರವು ಬಂದರೆ ಅದು ಅಲ್ಲಿಯ ಜನರಿಗೆ ಉಪಕಾರವೋ ಅಪಕಾರವೋ? ಹಸಿದವನಿಗೆ ಕಡಿಮೆ ಕ್ರಯಕ್ಕೆ ಅನ್ನ ಸಿಕ್ಕುವದು ಉಪಕಾರವೇ ಸರಿ, ಇದರಲ್ಲಿ ಸಂಶಯವೇನು ಎಂದು ಅನೇಕರು ಕೂಡಲೇ ಉತ್ತರ ಕೊಡುವರು. ಲೋಕದ ಸಂತೆಗಳನ್ನೆಲ್ಲಾ ಒಂದೇ ಸಂತೆಯಾಗಿ ಮಾಡುವ ಈ ಕಾಲದ ಏರ್ಪಾಡಿಗೆ ಜಾಗತೀಕರಣವೆಂದು ಹೆಸರು. ಅದನ್ನು ಹೊಗಳುವವರು ಹೇಳುವ ಮುಖ್ಯ ನ್ಯಾಯವೂ ಇದೇ. ಆದರೆ ಈ ಉತ್ತರವು ಪೂರ್ಣವಾದದ್ದೋ ಎಂಬದನ್ನು ಹೈಟಿ ದೇಶದ ಸಂಗತಿಯಿಂದ ಶೋಧಿಸಿ ನೋಡೋಣ.

ಹೈಟಿಯು ಕೆರೀಬಿಯನ್ ಸಮುದ್ರದಲ್ಲಿರುವ ಚಿಕ್ಕ ದೇಶ. ಗುಲಾಮರಾಗಿದ್ದ ಜನರು ತಾವೇ ಎದ್ದು ಫ್ರೆಂಚರ ನೊಗವನ್ನು ಮುರಿದು, ೧೮೦೪ನೇ ಇಸವಿಯಲ್ಲಿ ಅದನ್ನು ಸ್ವತಂತ್ರ ರಾಜ್ಯವಾಗಿ ಮಾಡಿದರು. ಅಲ್ಲಿಯ ಆರ್ಟಿಬೊನೀಟ್ ನದಿಯ ಕಣಿವೆಯು ಭತ್ತದ ಸೀಮೆ. ೧೯೮೦ರ ಸುಮಾರಿಗೆ ಹೈಟಿಯವರು ಉಣ್ಣುವ ಅಕ್ಕಿಯಲ್ಲಿ ಹೆಚ್ಚಿನ ಪಾಲು ಸ್ವದೇಶದ ಗದ್ದೆಗಳಲ್ಲಿಯೇ ಬೆಳೆಯುತ್ತಿತ್ತು. ೧೯೯೫ರಲ್ಲಿ, ಸಾಲವನ್ನೂ ಸಹಾಯವನ್ನೂ ಕೊಡುವವರ ಒತ್ತಾಯಕ್ಕೆ ಒಳಪಟ್ಟು, ಆ ಸರಕಾರದವರು ಹೊರಗಿನ ಅಕ್ಕಿಯ ಸುಂಕವನ್ನು ನೂರಕ್ಕೆ ೩ರಷ್ಟಕ್ಕೆ ಇಳಿಸಿದರು. ಆಗ ಅಮೇರಿಕಾದ ಸಂಯುಕ್ತ ಸಂಸ್ಥಾನಗಳ ಅಕ್ಕಿಯು ಹಡಗು ಹಡಗಾಗಿ ಬಂದಿಳಿಯಿತು. ಅಮೇರಿಕಾದ ಬೇಸಾಯಗಾರರಿಗೆ ದೊಡ್ಡ ಯಂತ್ರಗಳೂ ವಿಸ್ತಾರವಾದ ಹೊಲಗಳೂ ಇರುವದಲ್ಲದೆ, ಸರಕಾರದ ಬೊಕ್ಕಸದಿಂದ ಸಹಾಯದ್ರವ್ಯವೂ ಉಂಟು. ಗುದ್ದಲಿಯಿಂದ ಅಗೆದು ತುಂಡು ಗದ್ದೆಯಲ್ಲಿ ಬೆಳೆಯುವವನು ಇಂಥವರ ಕ್ರಯಕ್ಕೆ ಸರಿಯಾಗಿ ಮಾರುವದು ಹೇಗೆ? ಅನೇಕರು ಬೇಸಾಯವನ್ನು ಬಿಟ್ಟು, ಕೂಲಿ ಹುಡುಕುತ್ತಾ ಪಟ್ಟಣ ಸೇರಿದರು.

ಪಟ್ಟಣದ ಬಡವರಿಗೆ ಇದರಿಂದ ಲಾಭವಾಗಲಿಲ್ಲವೆಂದು ಹೇಳಕೂಡದು. ಅವರ ಮಡಕೆಯಲ್ಲಿ ಅನ್ನವು ಹೆಚ್ಚಿತು. ಆದರೆ ೨೦೦೮ರಲ್ಲಿ ಲೋಕದ ಪೇಟೆಯಲ್ಲಿ ಅಕ್ಕಿಯ ಕ್ರಯವು ಕೆಲವೇ ತಿಂಗಳುಗಳಲ್ಲಿ ಎರಡು ಪಟ್ಟಿಗಿಂತ ಹೆಚ್ಚಾದಾಗ ಆ ಲಾಭವು ಏನಾಯಿತು? ಕೊಳ್ಳಲು ಹಣವಿಲ್ಲ, ಬೆಳೆಯಲು ಗದ್ದೆ ಸಿದ್ಧವಿಲ್ಲ. ಆ ಏಪ್ರಿಲ್ ತಿಂಗಳಲ್ಲಿ ಹಸಿದವರು ಬೀದಿಗಿಳಿದು ದಂಗೆಯೆದ್ದರು. ಪ್ರಧಾನಮಂತ್ರಿಯು ಪದವಿಯನ್ನು ಕಳಕೊಂಡನು. ಸುಂಕವನ್ನು ಇಳಿಸಿದ ಕಾಲದಲ್ಲಿ ಅಮೇರಿಕಾದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನರು ೨೦೧೦ರ ಮಾರ್ಚಿಯಲ್ಲಿ ತಮ್ಮ ದೇಶದ ಸೆನೆಟ್ ಸಭೆಯ ಸಮಿತಿಯ ಮುಂದೆ, ಅದರಿಂದ ತಮ್ಮ ಅರ್ಕಾನ್ಸಾ ಪ್ರಾಂತದ ಕೆಲವು ಬೇಸಾಯಗಾರರಿಗೆ ಒಳ್ಳೇದಾಗಿರಬಹುದು, ಆದರೆ ಅದು ತಪ್ಪಾಗಿತ್ತೆಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಮೆಚ್ಚತಕ್ಕದ್ದೇ. ಆದರೂ ಪಾಳುಬಿದ್ದ ಗದ್ದೆಯು ಒಂದು ಮಾತಿನಿಂದ ಹಸುರಾಗುವದಿಲ್ಲ.

ಹಾಗಾದರೆ ದೇಶದೇಶಗಳ ವ್ಯಾಪಾರವೇ ಕೆಟ್ಟದ್ದೋ? ಅಲ್ಲ. ವಿಯೆಟ್ನಾಮ್ ದೇಶವು ಮುಂಚೆ ತನಗೆ ಬೇಕಾದ ಅಕ್ಕಿಯನ್ನು ಹೊರಗಿನಿಂದ ತರಿಸುತ್ತಿತ್ತು. ೧೯೮೬ರಲ್ಲಿ ಅಲ್ಲಿಯವರು ತಮ್ಮ ಕಟ್ಟಳೆಗಳನ್ನು ತಿದ್ದಲಾರಂಭಿಸಿ, ಒಕ್ಕಲುಮನೆಗಳಿಗೆ ಸಾಗುವಳಿಯ ಹಕ್ಕನ್ನು ಕೊಟ್ಟು, ಬೆಳೆದದ್ದನ್ನು ಮಾರುವ ಸ್ವಾತಂತ್ರ್ಯವನ್ನೂ ಕೊಟ್ಟರು. ೧೯೮೯ರೊಳಗೆ ಆ ದೇಶವು ಅಕ್ಕಿಯನ್ನು ಹೊರಗೆ ಕಳುಹಿಸುವ ಮುಖ್ಯ ದೇಶಗಳಲ್ಲಿ ಒಂದಾಯಿತು. ಬಡತನವೂ ಬಹಳವಾಗಿ ತಗ್ಗಿತು. ಲೋಕದ ಸಂತೆಗೆ ಎರಡು ದೇಶಗಳೂ ಬಾಗಿಲು ತೆರೆದವು. ವಿಯೆಟ್ನಾಮಿನವರು ತಮ್ಮ ಒಕ್ಕಲಿಗನನ್ನು ಬಲಪಡಿಸುತ್ತಾ ತಮ್ಮ ಕೈಯಿಂದಲೇ ತೆರೆದರು. ಹೈಟಿಯವರ ಬಾಗಿಲನ್ನೋ ಬೇರೆಯವರು ನೂಕಿದರು.

ಇದರಿಂದ ತಿಳಿಯತಕ್ಕದ್ದೇನಂದರೆ, ಅಗ್ಗವಾದದ್ದೆಲ್ಲಾ ಉಪಕಾರವಲ್ಲ. ನೆರೆಯವನು ದಿನಾಲು ನಮ್ಮ ಕೊಡವನ್ನು ತುಂಬಿಸಿಕೊಡುತ್ತಿರುವಾಗ ನಮ್ಮ ಬಾವಿಯು ಹೂಳು ತುಂಬಿ ಮುಚ್ಚಿಹೋದರೆ, ನಮ್ಮ ದಾಹವು ಆ ಮೇಲೆ ಅವನ ಮನಸ್ಸಿಗೆ ಅಧೀನ. ನಿರ್ಣಯಿಸುವವನು ಒಬ್ಬನು, ಅದರ ಭಾರವನ್ನು ಹೊರುವವನು ಮತ್ತೊಬ್ಬನು ಎಂಬಲ್ಲಿ, ಉದ್ದೇಶವು ಎಷ್ಟು ಒಳ್ಳೇದಾದರೂ ಅನ್ಯಾಯವು ಸುಲಭವಾಗಿ ನುಗ್ಗುವದು.

ಇದು ದೂರದವರ ಮಾತು ಮಾತ್ರವೆಂದು ನಾವು ಎಣಿಸಬಾರದು. ಲೋಕದಲ್ಲಿ ಅತಿ ಹೆಚ್ಚು ಅಕ್ಕಿಯನ್ನು ಹೊರಗೆ ಕಳುಹಿಸುವ ದೇಶವು ನಮ್ಮದೇ. ೨೦೨೩ರ ಜುಲೈಯಲ್ಲಿ ನಮ್ಮ ಸರಕಾರದವರು, ಸ್ವದೇಶದಲ್ಲಿ ಕ್ರಯವು ಏರದಂತೆ, ಬಾಸ್ಮತಿಯಲ್ಲದ ಬಿಳೀ ಅಕ್ಕಿಯ ರಫ್ತನ್ನು ನಿಲ್ಲಿಸಿದರು. ೨೦೨೪ರ ಸಪ್ಟಂಬರಿನಲ್ಲಿ ಆ ತಡೆಯನ್ನು ತೆಗೆದರು. ತಮ್ಮವರ ಹೊಟ್ಟೆಯನ್ನು ನೋಡಿದ್ದು ದೋಷವಲ್ಲ. ಆದರೆ ನಮ್ಮ ಅಕ್ಕಿಯನ್ನು ನಂಬಿದ್ದ ಪಶ್ಚಿಮ ಆಫ್ರಿಕಾದ ಬಡವರಿಗೂ, ಒಳ್ಳೇ ಕ್ರಯವನ್ನು ನಿರೀಕ್ಷಿಸಿದ್ದ ನಮ್ಮ ಭತ್ತದ ಒಕ್ಕಲಿಗರಿಗೂ ಅದು ಭಾರವಾಯಿತು. ಅವರನ್ನು ಯಾರಾದರೂ ಕೇಳಿದ್ದುಂಟೋ?

ಆದಕಾರಣ, ವಾಚಕರೇ, ಅಕ್ಕಿಯ ಕ್ರಯವು ಇಳಿಯಿತೆಂಬ ವರ್ತಮಾನವನ್ನು ಕೇಳುವಾಗ ನಮ್ಮ ಗಂಟಿಗೆ ಎಷ್ಟು ಉಳಿಯಿತೆಂದು ಎಣಿಸಿ ಸುಮ್ಮನಾಗದಿರೋಣ. ಇದನ್ನು ಬೆಳೆದವನು ಬದುಕುವನೋ, ನಾಳೆಯೂ ಬಿತ್ತುವನೋ ಎಂದು ವಿಚಾರಿಸೋಣ. ಯಾಕಂದರೆ ಬಿತ್ತುವ ಕೈಯನ್ನು ಕಳಕೊಂಡ ಜನಾಂಗವು ಎಷ್ಟು ಅಗ್ಗವಾಗಿ ಉಂಡರೂ ಕಡೆಗೆ ಬಹು ದೊಡ್ಡ ಬೆಲೆಯನ್ನು ತೆರುವದು.